ಸಂಪಿಗೆಗೆ ಹೇಳದ ಹೆಸರು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಗುಡ್ಡದ ಮೇಲೆ ಬೆರಳೊತ್ತಿದರೆ ಗುರುತು ಮೂಡುತ್ತಿತ್ತು. ಹೊಳೆ ಯಾವ ಕಡೆ ಹರಿಯಬೇಕೆಂದು ಇನ್ನೂ ತೀರ್ಮಾನಿಸಿರಲಿಲ್ಲ. ಬೆಳಿಗ್ಗೆ ಒಂದು ದಿಕ್ಕಿಗೆ ಹೊರಟು ಮಧ್ಯಾಹ್ನ ಮನಸ್ಸು ಬದಲಿಸುತ್ತಿತ್ತು. ಎಲ್ಲವೂ ಇದ್ದವು. ಹೆಚ್ಚಿನವಕ್ಕೆ ಹೆಸರಿರಲಿಲ್ಲ.

ಹೆಸರಿಲ್ಲದಿದ್ದರೇನಂತೆ ಎಂದು ಕೇಳಬಹುದು. ಆಗಿನ ಕಟ್ಟಳೆ ಹಾಗಿತ್ತು. ಹೆಸರಿಲ್ಲದ್ದನ್ನು ಕೇಳುವಂತಿಲ್ಲ, ಕೇಳದ್ದನ್ನು ಕೊಡುವಂತಿಲ್ಲ. ಹಸಿದ ದನ ಹುಲ್ಲಿನ ಮುಂದೆ ನಿಂತು ‘ಹುಲ್ಲು’ ಎನ್ನಬೇಕು. ಹುಲ್ಲಿಗೆ ಹೆಸರಿಡುವವರೆಗೆ ದನ ಸುಮ್ಮನೆ ನಿಂತಿರಬೇಕು. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ. ಮಾಡುವಾಗ ಅವರ ಹೊಟ್ಟೆ ತುಂಬಿತ್ತೆಂದು ಮಾತ್ರ ಹೇಳಬಹುದು.

ಹೆಸರಿಡುವ ಕೆಲಸ ಸಂಕವ್ವನದು. ಹೊಳೆಯ ದಂಡೆಯ ಮೇಲೆ ತಮ್ಮ ಜಟ್ಟೆಪ್ಪನ ಮನೆಯಲ್ಲಿ ಅವಳ ವಾಸ. ಕೂಸಿಗೆ ಹೆಸರಿಡುವವಳು ಸೋದರತ್ತೆಯೇ ಆಗಬೇಕು, ಅದು ಪದ್ಧತಿ. ಹಾಗಾಗಿ ಸಂಕವ್ವ ಲೋಕಕ್ಕೆಲ್ಲ ಅತ್ತೆ. ಕಲ್ಲಿಗೂ ಅತ್ತೆ, ಎಮ್ಮೆಗೂ ಅತ್ತೆ, ಮಳೆಗೂ ಅತ್ತೆ. ಹಾಗಾದರೆ ಸಂಕವ್ವನಿಗೆ ಸಂಕವ್ವ ಎಂದು ಹೆಸರಿಟ್ಟವರು ಯಾರು? ಪ್ರತಿ ಹಳೆಯ ಕಥೆಯಲ್ಲೂ ಇಂಥದೊಂದು ತೂತಿರುತ್ತದೆ. ಕಾಲು ಸಿಕ್ಕಿಸಿಕೊಳ್ಳದೆ ದಾಟಿ ಬನ್ನಿ.

ಹೆಸರಿಡುವ ಕ್ರಮ ಸರಳ. ಸಣ್ಣದಾದರೆ ತೊಟ್ಟಿಲಲ್ಲಿ ಹಾಕುತ್ತಿದ್ದರು. ದೊಡ್ಡದಾದರೆ ಸಂಕವ್ವನೇ ಎದ್ದು ಹೋಗುತ್ತಿದ್ದಳು. ಬಗ್ಗಿ, ಕಿವಿಯ ಹತ್ತಿರ ಬಾಯಿಟ್ಟು, ‘ಕುರ್ರ್, ಕುರ್ರ್, ಕುರ್ರ್’ ಎಂದು ಮೂರು ಸಲ ಊದಿ ಹೆಸರು ಹೇಳುತ್ತಿದ್ದಳು. ಹೇಳಿದ ಕೂಡಲೇ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದಿದರೆ ಹೆಸರು ಬಾಯಿಯಿಂದ ಕಿವಿಗೆ ಬೀಳುತ್ತದೆ. ಗುದ್ದದಿದ್ದರೆ ಗಂಟಲಲ್ಲಿ ಕೂರುತ್ತದೆ. ಎಮ್ಮೆಗೆ ಹೆಸರಿಟ್ಟ ದಿನ ಗಾಳಿ ಹುರುಪಿನಲ್ಲಿ ಎಷ್ಟು ಜೋರಾಗಿ ಗುದ್ದಿತೆಂದರೆ ಸಂಕವ್ವ ಎರಡು ದಿನ ಬೋರಲು ಮಲಗಿದಳು. ಎಲ್ಲರೂ ನಕ್ಕರು. ಎಮ್ಮೆ ಮಾತ್ರ ನಗಲಿಲ್ಲ. ಇವತ್ತಿಗೂ ನಗುವುದಿಲ್ಲ.

ಸಂಕವ್ವ ಚೆಂದದ ಮಾತುಗಳನ್ನು ಹಂಚುವವಳಲ್ಲ. ಮುಳ್ಳಿಗೆ ಮುಳ್ಳು ಎಂದಳು.

“ಯಾಕ ಅತ್ತಿ, ಒಂದೀಟು ಚಂದಂದು ಇಡಬಾರದ?” ಎಂದಿತು ಮುಳ್ಳು.

“ನಿನ್ನ ಮಾರಿ ನೀ ನೋಡ್ಕೊಂಡೀ ಏನು?”

ಕಾಗೆಯ ತಕರಾರು ಬೇರೆ. “ಕೋಗಿಲಿಗೆ ಮೂರಕ್ಷರ, ನನಗ ಎರಡ. ಇದ್ಯಾವ ನ್ಯಾಯ?”

“ಹಾಡೋರಿಗೆ ಒಂದು ಹೆಚ್ಚಿಗಿ. ನೀನೂ ಹಾಡು, ಕೊಡತೀನಿ.”

ಕಾಗೆ ಹಾಡಿತು. ಸಂಕವ್ವ ಎರಡಕ್ಷರವೇ ಸಾಕೆಂದಳು.

ಒಂದು ಬೆಳಿಗ್ಗೆ ಅವಳು ಕುಂಬಳಬಳ್ಳಿಯ ಹತ್ತಿರ ಹೋದಳು. ಬಳ್ಳಿಗೆ ಹೆಸರಾಗಿತ್ತು, ಎಲೆಗೆ ಆಗಿತ್ತು, ಹೂವಿಗೂ ಆಗಿತ್ತು. ಹೂವಿನ ಒಳಗಿದ್ದದ್ದಕ್ಕೆ ಆಗಿರಲಿಲ್ಲ. ಬೆರಳು ಹಾಕಿ ನೋಡಿದಳು. ತುದಿಗೆ ಹಳದಿ ಹುಡಿ ಹತ್ತಿತು. ಅದರ ಕೆಳಗೆ ಒಂದು ಹನಿ ಅಂಟು. ನಾಲಿಗೆಗೆ ಮುಟ್ಟಿಸಿದಳು.

ಬೇರೆ ಹೆಸರುಗಳನ್ನು ಅವಳು ಹುಡುಕಿ ತರುತ್ತಿದ್ದಳು. ಇದು ತಾನಾಗಿ ಬಂತು. ಬಂಡು.

ಇವತ್ತಿನ ಕಿವಿಗೆ ಆ ಮಾತು ಬೇರೆ ಏನೇನೋ ಆಗಿ ಕೇಳಿಸೀತು. ಆಗ ಬೇರೆ ಏನೂ ಇರಲಿಲ್ಲ. ಹೂವಿನ ಹುಡಿ, ಹೂವಿನ ಹನಿ, ಅದರ ಸಿಹಿ, ಇಷ್ಟೇ. ಸಂಕವ್ವ ತನ್ನ ಜೀವಮಾನದಲ್ಲಿ ಮೊದಲ ಸಲ ಒಂದು ಮಾತನ್ನು ಎರಡು ಸಲ ಹೇಳಿಕೊಂಡಳು. ಬಂಡು. ಬಂಡು.

ಅಲ್ಲೇ ಬಗ್ಗಿ ಹೂವಿಗೆ ಹೇಳಿಬಿಡಬೇಕಿತ್ತು. ಗುದ್ದುವವರು ಯಾರೂ ಹತ್ತಿರ ಇರಲಿಲ್ಲ ಎಂದು ಆಮೇಲೆ ಹೇಳುತ್ತಿದ್ದಳು. ಅದು ನಿಜ. ಕೂಗಿದ್ದರೆ ಗಾಳಿ ಬರುತ್ತಿತ್ತು ಎನ್ನುವುದೂ ನಿಜ. ಅವಳು ಕೂಗಲಿಲ್ಲ.

ಕಾರಣ ಮನೆಯಲ್ಲಿತ್ತು. ತಮ್ಮನ ಹೆಂಡತಿ ಹಂಪವ್ವ, ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಐದು ತಿಂಗಳ ಬಸುರಿ. ಲೋಕಕ್ಕೆಲ್ಲ ಅತ್ತೆಯಾದವಳು ಇನ್ನೂ ತನ್ನ ಮನೆಯ ಕೂಸಿಗೆ ಅತ್ತೆಯಾಗಿರಲಿಲ್ಲ. ಇಷ್ಟು ಒಳ್ಳೆಯ ಮಾತನ್ನು ಕುಂಬಳದ ಹೂವಿಗೆ ಹಾಕುವುದೇ ಎನಿಸಿತು. ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.

ಅಂದರೆ ಕದ್ದಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅದಕ್ಕೂ ಒಂದು ಗಟ್ಟಿ ಹೆಸರು ಇಡುತ್ತಿದ್ದಳು.

ಅಂದು ಮಧ್ಯಾಹ್ನ ಅತ್ತಿಗೆ ನಾದಿನಿಯರಿಬ್ಬರೂ ಜೋಳ ಹಸನು ಮಾಡುತ್ತ ಕೂತಿದ್ದರು. ಸಂಕವ್ವನಿಗೆ ತಡೆಯಲಾಗಲಿಲ್ಲ.

“ಹಂಪವ್ವಾ, ನಿನ್ನ ಕೂಸಿಗೆ ಹೆಸರು ಸಿಕ್ಕೈತಿ.”

“ಈಗ ಹೇಳಬ್ಯಾಡಕ್ಕ. ಹುಟ್ಟಲಿ. ಹನ್ನೆರಡು ದಿನ ಆಗಲಿ.”

“ಹೇಳಂಗಿಲ್ಲ ಬಿಡು.”

ಹಂಪವ್ವ ಎರಡು ಮೊರ ಜೋಳ ಕೇರಿದಳು. ಮೂರನೆಯದಕ್ಕೆ ಕೈ ನಿಂತಿತು.

“ಯಕ್ಕಾ, ಸಣ್ಣಗ ಹೇಳು.”

ಸಂಕವ್ವ ಸಣ್ಣಗೆ ಹೇಳಿದಳು. ಹಂಪವ್ವ ಹೊಟ್ಟೆಯ ಮೇಲೆ ಕೈಯಿಟ್ಟು ಇನ್ನೂ ಸಣ್ಣಗೆ ಕರೆದಳು. ಒಳಗಿನಿಂದ ಒದೆ ಬಂತು. ಹೆಸರು ಒಪ್ಪಿಗೆಯಾಯಿತೆಂದು ಇಬ್ಬರೂ ನಕ್ಕರು. ಹೊಟ್ಟೆಯಲ್ಲಿರುವ ಕೂಸು ಯಾವ ಹೆಸರಿಗಾದರೂ ಒದೆಯುತ್ತದೆ. ಅದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಹಿತ್ತಲ ಹಿಂದೆ ಹರಿಯುತ್ತಿದ್ದ ಹೊಳೆ ಕೇಳಿಸಿಕೊಂಡಿತು. “ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ,” ಎಂದು ಗೊಣಗಿ ಅವತ್ತಿನ ಮಟ್ಟಿಗೆ ಮೂಡಣಕ್ಕೆ ಹರಿಯಿತು.

ಕೂಸು ಹುಟ್ಟಿತು. ಹೆಣ್ಣು. ಸೀನಿದರೆ ಎರಡು ಸಲವೇ ಸೀನುತ್ತಿತ್ತು. ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ. “ಒಳಗ ಏನು ಇಟ್ಕೊಂಡಾಳ ನೋಡು,” ಎಂದು ಸಂಕವ್ವ ಬೆರಳು ತೂರಿಸಿದರೆ ಆ ಬೆರಳನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ಹತ್ತು ದಿನ ಮನೆಯಲ್ಲಿ ಯಾರೂ ಆ ಹೆಸರನ್ನು ಆಡಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ‘ಕೂಸು’ ಎಂದರು.

ಹನ್ನೊಂದನೆಯ ದಿನ ಬೆಳಿಗ್ಗೆ ಸಂಕವ್ವ ಗುಗ್ಗರಿಗೆಂದು ಎರಡು ಸೇರು ಕಡಲೆ ನೆನೆಹಾಕಿದಳು. ಮರುದಿನ ತೊಟ್ಟಿಲಲ್ಲಿ ಹಾಕಿ, ಹೆಸರು ಹೇಳಿ, ಬೆನ್ನಿಗೆ ಗುದ್ದಿಸಿಕೊಂಡು, ಬಂದವರಿಗೆಲ್ಲ ಗುಗ್ಗರಿ ಹಂಚಬೇಕು. ಮಧ್ಯಾಹ್ನ ಕೂಸಿನ ಮೈ ಬಿಸಿಯಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ತಣ್ಣಗಾಯಿತು.

ಹೂವಿನ ಹೆಸರನ್ನು ಕದ್ದದ್ದಕ್ಕೇ ಹೀಗಾಯಿತೆಂದು ಹೇಳುವವರಿದ್ದಾರೆ. ಆ ಕಾಲದಲ್ಲಿ ಯಾರೂ ಏನನ್ನೂ ಕದಿಯದ ಮನೆಗಳಲ್ಲೂ ಕೂಸುಗಳು ಹೋಗುತ್ತಿದ್ದವು. ಲೋಕ ಹೊಸದು, ಜ್ವರ ಹಳೆಯದು.

ಹನ್ನೆರಡು ದಿನ ತುಂಬದ ಕೂಸಿಗೆ ಹೆಸರಿಡುವಂತಿಲ್ಲ. ಹೆಸರಿಲ್ಲದೆ ಮಣ್ಣು ಮಾಡಿದರು. ಗುರುತಿಗಿರಲಿ ಎಂದು ಜಟ್ಟೆಪ್ಪ ಅಲ್ಲೊಂದು ಸಂಪಿಗೆ ಸಸಿ ನೆಟ್ಟ. ಒಂದು ಮಾತೂ ಆಡಲಿಲ್ಲ. ಗುದ್ದಲಿ ತೊಳೆದಿಟ್ಟು ಹೊಲಕ್ಕೆ ಹೋದ.

ಹಂಪವ್ವ ಮಾತಾಡಿದಳು. “ಯಕ್ಕಾ, ಆ ಹೆಸರು ಬ್ಯಾರೆ ಯಾರಿಗೂ ಇಡಬ್ಯಾಡ.”

“ಇಡಂಗಿಲ್ಲ.”

“ನನ್ನ ಮ್ಯಾಲ ಕೈ ಇಟ್ಟು ಹೇಳು.”

ಸಂಕವ್ವ ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದಳು. ನೆನೆಹಾಕಿದ ಕಡಲೆಯ ನೆನಪು ಯಾರಿಗೂ ಆಗಲಿಲ್ಲ. ಮೂರನೆಯ ದಿನ ನೋಡಿದಾಗ ಪಾತ್ರೆಯ ತುಂಬ ಮೊಳಕೆ.

ಅವತ್ತಿನಿಂದ ಸಂಕವ್ವನ ಬಾಯಿ ನಿಂತಿತು. ಹೇಳದ ಹೆಸರು ನಾಲಿಗೆಯ ಮೇಲೆ ಕೂತಿತ್ತು. ಅದರ ಹಿಂದೆ ಬೇರೆ ಹೆಸರು ಹುಟ್ಟಲಿಲ್ಲ. ಹಿತ್ತಲ ಬೇಲಿಯ ಆಚೆ ಹೆಸರಿಲ್ಲದವರ ಸಾಲು ಬೆಳೆಯಿತು. ಎರಡು ಬಗೆಯ ಕಪ್ಪೆ, ಒಂದು ನಕ್ಷತ್ರ, ಯಾವುದೋ ಹುಣ್ಣು, ಸಂಜೆಗೂ ಕತ್ತಲೆಗೂ ನಡುವಿನ ಒಂದು ಬಣ್ಣ. ಕೆಲವು ಕಾದು ಕಾದು ಹಾಗೇ ಹೊರಟುಹೋದವು. ಆ ಬಣ್ಣಕ್ಕೆ ಇವತ್ತಿಗೂ ಹೆಸರಿಲ್ಲ.

ಸಾಲನ್ನು ಬಿಟ್ಟು ಬೇಲಿ ಹಾರಿ ಒಳಗೆ ಬಂದದ್ದು ಒಂದೇ ಒಂದು. ಕರಿ ಹುಳ. ಬೆರಳುಗೆಣ್ಣಿನಷ್ಟು ಗಾತ್ರ, ಬಿಸಿಲು ಬಿದ್ದರೆ ನೀಲಿ ಹೊಳೆಯುವ ರೆಕ್ಕೆ. ಸಂಕವ್ವನ ಮುಖದ ಮುಂದೆ ಗುಂಯ್ ಎಂದು ನಿಂತಿತು.

“ಅತ್ತೀ, ನನಗ ಹೆಸರು ಬ್ಯಾಡ. ಹೂವಿನ ಒಳಗ ಐತಲ್ಲ, ಅದಕ್ಕ ಒಂದು ಹೆಸರು ಇಡು.”

“ನಿನಗ್ಯಾಕ ಅದು?”

“ಬಿದಿರಿನ ತೂತಿನ್ಯಾಗ ಏಳು ಮರಿ ಅದಾವ. ಅವು ಉಣ್ಣೂದು ಅದನ್ನ. ಹೂವಿನ ಮುಂದ ನಿಂತು ಕೇಳಾಕ ಬರವಲ್ಲದು. ಏನಂತ ಕೇಳಲಿ?”

ಸಂಕವ್ವ ಕುಂಬಳದ ಹೂವಿನ ಕಡೆ ನೋಡಿದಳು.

“ನನ್ನ ಯಾಕ ನೋಡ್ತೀ ಅತ್ತಿ?” ಎಂದಿತು ಹೂವು. “ಕೊಡಾಕ ನಾ ತಯಾರ್ ಅದೀನಿ. ಏನ್ ಕೊಡಬೇಕು ಅಂತ ಹೇಳ್ರಿ. ನಂದೂ ಗಂಟಲ ತುಂಬಿ ಕೊಳ್ಯಾಕ ಹತ್ತೈತಿ. ಒಂದು ಕಾಯಿ ಕಚ್ಚಲಿಲ್ಲ ಈ ಸಲ.”

ಹೆಸರಿಲ್ಲದ್ದನ್ನು ಕೇಳುವಂತಿಲ್ಲ, ಕೇಳದ್ದನ್ನು ಕೊಡುವಂತಿಲ್ಲ. ಸಿಹಿ ಹೂವಿನ ಗಂಟಲಲ್ಲಿತ್ತು, ಹಸಿವು ಹುಳದ ಹೊಟ್ಟೆಯಲ್ಲಿತ್ತು, ನಡುವೆ ಒಂದು ಗೇಣು ಗಾಳಿ ಇತ್ತು.

ಸಂಕವ್ವ ಒಂದು ಉಪಾಯ ಮಾಡಿದಳು. ನಾಲಿಗೆಯ ಅಡಿಯಿಂದ ಬೇರೊಂದು ಮಾತನ್ನು ಎಳೆದು ತಂದು ಹೂವಿಗೆ ಹೇಳಿದಳು. ಗಾಳಿ ಗುದ್ದಿತು. ಮಾತು ಹೂವಿನ ಒಳಗೆ ಹೋಗದೆ ಕೆಳಗೆ ಬಿತ್ತು. ಇನ್ನೊಂದು ಹೇಳಿದಳು, ಅದೂ ಬಿತ್ತು. ಬಳ್ಳಿಯ ಬುಡದಲ್ಲಿ ನಾಲ್ಕಾರು ಮಾತುಗಳು ಒಣಗಿ ಬಿದ್ದವು. ಒಮ್ಮೆ ಹೆಸರು ಹುಟ್ಟಿದ ವಸ್ತು ಇನ್ನೊಂದು ಹೆಸರನ್ನು ಮುಟ್ಟುವುದಿಲ್ಲ.

“ನಾಳೆ ಬಾ,” ಎಂದಳು ಹುಳಕ್ಕೆ.

ಹುಳ ಮರುದಿನ ಬಂತು. “ಏಳಿದ್ವು. ಈಗ ಐದು.”

“ನಾಳೆ ಬಾ.”

“ಈಗ ನಾಕು.”

ಸಂಕವ್ವ ಒಳಗೆ ಹೋಗಿ ಕದ ಹಾಕಿಕೊಂಡಳು. ಕದಕ್ಕೆ ತೂತಿತ್ತು, ಹುಳಕ್ಕೆ ತೂತೆಂದರೆ ಬಾಗಿಲು.

“ಅತ್ತೀ, ನಿನ್ನ ಬಾಯಾಗ ಐತಿ ಅದು. ಗಾಳಿ ಹೇಳಿತು.”

“ಗಾಳಿಗೆ ಮಾಡಾಕ ಕೆಲಸಿಲ್ಲ.”

“ಐತೋ ಇಲ್ಲೋ?”

“ಐತಿ. ಅದು ನಮ್ಮ ಕೂಸಿಂದು. ಕೊಟ್ಟ ಮಾತೈತಿ. ಹೋಗು.”

ಹುಳ ಸ್ವಲ್ಪ ಹೊತ್ತು ತೊಲೆಯ ಕೆಳಗೆ ಸುತ್ತಿತು. ಹಸಿದು ಬಡಕಲಾಗಿತ್ತು, ಗುಂಯ್ ಎನ್ನುವ ಸದ್ದೂ ತೆಳ್ಳಗಾಗಿತ್ತು.

“ನಿಮ್ಮ ಕೂಸಿಗೆ ಹನ್ನೊಂದು ದಿನ ಹಾಲರೆ ಸಿಕ್ತು,” ಎಂದಿತು. “ನನ್ನವು ಹಸಕೊಂಡ ಹುಟ್ಟಿ ಹಸಕೊಂಡ ಹೊಂಟಾವ.”

ಹೇಳಿ ತೂತಿನಿಂದ ಹೊರಗೆ ಹೋಯಿತು.

ಸಂಕವ್ವ ಅವತ್ತು ಊಟಕ್ಕೆ ಕೂತಳು, ತುತ್ತು ಎತ್ತಲಿಲ್ಲ. ಒಳಕೋಣೆಯಲ್ಲಿ ಹಂಪವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಲಗಿ ಒಂದು ತಿಂಗಳಾಗುತ್ತ ಬಂದಿತ್ತು. ಎದೆ ಹಾಲು ಬತ್ತಿತ್ತು. ಸತ್ತ ಕೂಸಿಗಾಗಿ ಕೊಟ್ಟ ಮಾತು ದೊಡ್ಡದೋ ಸಾಯುತ್ತಿರುವ ಕೂಸಿನ ಹೊಟ್ಟೆ ದೊಡ್ಡದೋ ಎಂದು ಯಾರನ್ನಾದರೂ ಕೇಳಬಹುದು. ಎಲ್ಲರೂ ಸರಿಯಾದ ಉತ್ತರವನ್ನೇ ಹೇಳುತ್ತಾರೆ. ಹಂಪವ್ವನ ಬೆನ್ನನ್ನು ನೋಡುತ್ತ ಅದನ್ನು ಹೇಳುವುದು ಮಾತ್ರ ಬೇರೆ ಕೆಲಸ.

ಆರನೆಯ ದಿನ ಬೆಳಿಗ್ಗೆ ಹುಳ ಬರಲಿಲ್ಲ. ಸಂಕವ್ವ ಬೇಲಿಯವರೆಗೆ ಹೋಗಿ ನೋಡಿದಳು. ಬಿದಿರ ಮೆಳೆಯ ಕೆಳಗೆ ನೆಲದ ಮೇಲೆ ಕೂತಿತ್ತು. ಹಾರಲು ತ್ರಾಣವಿರಲಿಲ್ಲ. ಸಂಕವ್ವ ಅದನ್ನು ಅಂಗೈಯಲ್ಲಿ ಎತ್ತಿಕೊಂಡಳು, ಏನೂ ತೂಕವಿರಲಿಲ್ಲ. ನೆಟ್ಟಗೆ ಕುಂಬಳಬಳ್ಳಿಗೆ ನಡೆದಳು. ಹಂಪವ್ವನನ್ನು ಕೇಳಲಿಲ್ಲ. ಕೇಳಿದರೆ ಬೇಡ ಎಂದಾಳೆಂದು ಹೆದರಿದಳೋ, ಹೂಂ ಎಂದಾಳೆಂದು ಹೆದರಿದಳೋ, ಅವಳಿಗೂ ತಿಳಿಯದು.

ಬಗ್ಗಿದಳು. ಹೂವಿಗೆ ಕಿವಿ ಇಲ್ಲ, ಗಂಟಲಿದೆ. ಅದರ ಹತ್ತಿರ ಬಾಯಿಟ್ಟಳು. ಕುರ್ರ್, ಕುರ್ರ್, ಕುರ್ರ್.

“ಬಂಡು.”

ಬೆನ್ನಿಗೆ ಗುದ್ದು ಬೀಳಲಿಲ್ಲ.

ತಲೆ ಎತ್ತಿದಳು. ಗಾಳಿ ಬೇಲಿಗೆ ಒರಗಿ ನಿಂತಿತ್ತು. “ಈ ಹೆಸರಿಗೆ ನಾ ಗುದ್ದಂಗಿಲ್ಲ ಅತ್ತಿ. ಅಳೋ ಮನಿದು ಅದು. ಗುದ್ದೋದು ನಗೋ ಮನ್ಯಾಗ.”

“ಹೊಳೆವ್ವಾ, ನೀ ಬಾ.”

“ತಲಿ ಮ್ಯಾಲ ಕೈ ಇಟ್ಟು ಮಾತು ಕೊಟ್ಟೀದಿ,” ಎಂದಿತು ಹೊಳೆ. “ನಾನು ದಿಕ್ಕು ತಪ್ಪತೀನಿ ಖರೆ. ಮಾತು ತಪ್ಪೋರಿಗೆ ಕೈ ಹಚ್ಚಂಗಿಲ್ಲ.”

ಕಾಗೆ ಕೇಳುವ ಮೊದಲೇ ಹೇಳಿತು. “ನನ್ನ ನೋಡಬ್ಯಾಡ. ಎರಡಕ್ಷರದೋರು ನಾವು, ದೊಡ್ಡೋರ ವ್ಯವಹಾರಕ್ಕ ಬರಂಗಿಲ್ಲ.”

ಎಲ್ಲರಿಗೂ ಒಳ್ಳೆಯ ಕಾರಣಗಳಿದ್ದವು. ಹುಳ ಅಂಗೈಯಲ್ಲಿ ಒಮ್ಮೆ ಕಾಲಾಡಿಸಿತು. ಹೆಸರು ಬಾಯಿಗೂ ಹೂವಿಗೂ ನಡುವೆ, ಗಂಟಲಲ್ಲಿ, ಮೀನಿನ ಮುಳ್ಳಿನ ಹಾಗೆ ಅಡ್ಡ ಸಿಕ್ಕಿತು. ಸಂಕವ್ವನ ಕಣ್ಣಲ್ಲಿ ನೀರು ಬಂತು. ಅಳುವಲ್ಲ, ಉಸಿರು ಕಟ್ಟಿತ್ತು. ಅಳುವೂ ಇದ್ದಿರಬಹುದು, ಅವಳು ಒಪ್ಪುತ್ತಿರಲಿಲ್ಲ.

ಹಿಂದೆ ಒಣಗಿದ ಎಲೆ ಮುರಿದ ಸದ್ದಾಯಿತು.

ಹಂಪವ್ವ ನಿಂತಿದ್ದಳು. ತಿಂಗಳಿಂದ ಹೊಸ್ತಿಲು ದಾಟದವಳು. ಎಷ್ಟು ಸಣ್ಣಗೆ ಹೇಳಿದರೂ ಆ ಹೆಸರು ಅವಳಿಗೆ ಕೇಳಿಸುತ್ತಿತ್ತು.

“ಯಾರಿಗೆ ಹೇಳಾಕ ಹತ್ತೀ ಅಕ್ಕಾ?”

ಸಂಕವ್ವ ಕೈ ಮುಂದೆ ಮಾಡಿ ತೋರಿಸಿದಳು. ಹಂಪವ್ವ ಅಂಗೈಯನ್ನು ನೋಡಿದಳು, ಹೂವನ್ನು ನೋಡಿದಳು. ಗಾಳಿ ನೆಲ ನೋಡಿತು.

“ಮರಿ ಎಷ್ಟ?” ಎಂದು ಹುಳವನ್ನು ಕೇಳಿದಳು.

“ಏಳಿದ್ವು.”

“ಈಗ ಎಷ್ಟ ಅಂದೆ.”

“ಎರಡು.”

ಬಿಸಿಲು ಬೇಲಿಯ ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ ಹೋಯಿತು. ಆಮೇಲೆ ಹಂಪವ್ವ ಕೈ ಎತ್ತಿ ನಾದಿನಿಯ ಬೆನ್ನಿಗೆ ಗುದ್ದಿದಳು.

ನಾಮಕರಣದ ಗುದ್ದು ಅಂಥದಲ್ಲ. ಅದು ಆಟದ ಗುದ್ದು, ಬಳೆ ಸದ್ದು ಮಾಡಿದರೆ ಸಾಕು. ಇದರಲ್ಲಿ ಒಂದು ತಿಂಗಳಿತ್ತು. ಒಂಬತ್ತು ವರ್ಷವೂ ಇತ್ತು. ಸಂಕವ್ವ ಬಳ್ಳಿಯ ಮೇಲೆ ಮುಗ್ಗರಿಸಿದಳು. ಹೆಸರು ಗಂಟಲಿನಿಂದ ಕಿತ್ತು ಹೂವಿನ ಒಳಗೆ ಬಿತ್ತು. ಯಾರೂ ನಗಲಿಲ್ಲ.

“ಕೇಳು,” ಎಂದಳು ಹಂಪವ್ವ ಹುಳಕ್ಕೆ.

ಹುಳ ಹೂವಿನ ಅಂಚಿಗೆ ತೆವಳಿತು. “ಬಂಡು,” ಎಂದಿತು.

“ಅಯ್ಯ, ತಗೊ,” ಎಂದಿತು ಹೂವು. ಎಷ್ಟೋ ದಿನದಿಂದ ಹೊತ್ತ ಗಂಟನ್ನು ಇಳಿಸಿದವರ ದನಿ.

ಹುಳ ಮುಖ ಮುಳುಗಿಸಿ ಉಂಡಿತು. ಎದ್ದಾಗ ಕರಿ ಮೈಯೆಲ್ಲ ಹಳದಿ ಹುಡಿ. ಹಾಗೇ ಬಿದಿರಿಗೆ ಓಡಿತು, ಮರಳಿ ಬಂತು, ಮತ್ತೆ ಓಡಿತು.

“ಅದಕ್ಕೂ ಒಂದು ಹೆಸರಿಡು,” ಎಂದಳು ಹಂಪವ್ವ. “ಪಾಪ, ಹೆಸರಿಲ್ಲದ ತಿರಗತೈತಿ.”

ಸಂಕವ್ವನಿಗೆ ಹುಡುಕುವ ಕಷ್ಟವಾಗಲಿಲ್ಲ. “ಬಂಡುಣಿ,” ಎಂದಳು. ಬಂಡನ್ನು ಉಣ್ಣುವವಳು ಬಂಡುಣಿ. ಹಂಪವ್ವ ಗುದ್ದಿದಳು. ಈ ಗುದ್ದು ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಅವತ್ತು ಹೊತ್ತು ಮುಳುಗುವವರೆಗೆ ಇಬ್ಬರೂ ಹೂವಿನಿಂದ ಹೂವಿಗೆ ನಡೆದರು. ಬಳ್ಳಿಯಿಂದ ಗಿಡಕ್ಕೆ, ಗಿಡದಿಂದ ಮರಕ್ಕೆ, ಕೊನೆಗೆ ಹೊಳೆಯ ಮಡುವಿನ ತಾವರೆಗೆ. ಸಂಕವ್ವ ಬಗ್ಗುತ್ತಿದ್ದಳು, ಹೇಳುತ್ತಿದ್ದಳು. ಹಂಪವ್ವ ಗುದ್ದುತ್ತಿದ್ದಳು. ಬಂಡು. ಗುದ್ದು. ಬಂಡು. ಗುದ್ದು. ಪ್ರತಿ ಹೂವಿಗೆ ಒಮ್ಮೆ ಮಗಳ ಹೆಸರನ್ನು ಕೇಳಬೇಕು, ಪ್ರತಿ ಹೂವಿಗೆ ಒಮ್ಮೆ ಅದನ್ನು ತಾನೇ ತಳ್ಳಿಕೊಡಬೇಕು. ಹಾಗೆ ಎಷ್ಟು ಹೂವಾಯಿತೆಂದು ಯಾರೂ ಎಣಿಸಲಿಲ್ಲ. ಸಂಕವ್ವನ ಬೆನ್ನು ಊದಿತು. ಅವತ್ತು ಬಗ್ಗಿದ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ.

ಎಲ್ಲ ಮುಗಿದ ಮೇಲೆ ಉಳಿದದ್ದು ಸಂಪಿಗೆ ಗಿಡ. ಹೊಸ ಲೋಕದಲ್ಲಿ ಗಿಡಗಳಿಗೆ ಅವಸರ. ನೆಟ್ಟ ತಿಂಗಳಿಗೇ ಅದು ಆಳೆತ್ತರವಾಗಿ ಮೊದಲ ಹೂ ಬಿಟ್ಟಿತ್ತು. ಒಂದೇ ಹೂ. ಬೆರಳು ಮಡಚಿದ ಮುಷ್ಟಿಯ ಹಾಗೆ, ಅರೆ ಬಿಚ್ಚಿತ್ತು.

ಸಂಕವ್ವ ಬಗ್ಗಿದಳು. ಕುರ್ರ್ ಎಂದಳು. ಎರಡನೆಯ ಸಲ ಕುರ್ರ್ ಎನ್ನುವಾಗ ಹಿಂದೆ ಏನೋ ಬದಲಾದಂತೆ ಅನಿಸಿ ತಿರುಗಿ ನೋಡಿದಳು. ಹಂಪವ್ವ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು.

“ಇದಕ್ಕ ಬ್ಯಾಡಕ್ಕ.”

“ಎಲ್ಲಾಕ್ಕೂ ಹೇಳಿ ಆತಲ್ಲ. ಇದೊಂದಕ್ಕ...”

“ಎಲ್ಲಾಕ್ಕೂ ಕೊಟ್ಟೆ. ಇಲ್ಲಿ ಇರೂದು ಅಕಿದು. ಇದನ್ನರೆ ಅಕಿ ಹತ್ರ ಇರಾಕ ಬಿಡು. ಯಾರೂ ಕೇಳಬಾರದು ಇಲ್ಲಿ. ಯಾರೂ ಒಯ್ಯಬಾರದು.”

ಸಂಕವ್ವ ಬಾಯಿ ಮುಚ್ಚಿದಳು.

ಬಂಡುಣಿ ಪಕ್ಕದಲ್ಲೇ ಹಾರುತ್ತಿತ್ತು. ಉಂಡವರಿಗೆ ಪ್ರಶ್ನೆಗಳು ಹುಟ್ಟುತ್ತವೆ. “ಹಂಗಾದ್ರ ಈ ಹೂವಿನ ಮುಂದ ಬಂದು ನಾ ಏನಂತ ಕೇಳಲೇ ಯವ್ವಾ?”

“ಏನೂ ಕೇಳಬ್ಯಾಡ,” ಎಂದಳು ಹಂಪವ್ವ. “ಒಂದು ಸುತ್ತು ಹಾಕು. ಮಾತಾಡಿಸಿದಂಗ ಆಗತೈತಿ. ಹಾಕಿ ಹೋಗು.”

ಬಂಡುಣಿ ಒಂದು ಸುತ್ತು ಹಾಕಿ ಹೋಯಿತು. ಸಂಪಿಗೆಗೆ ತನ್ನೊಳಗೆ ಏನಿದೆ ಎಂಬುದರ ಹೆಸರು ತಿಳಿಯಲಿಲ್ಲ. ಕೊಡಲು ಬರಲಿಲ್ಲ, ಕೇಳುವವರೂ ಬರಲಿಲ್ಲ. ಒಳಗೇ ಉಳಿದದ್ದು ವಾಸನೆಯಾಗಿ ಹೊರಗೆ ಬಂತು, ನಾಲ್ಕು ಮನೆಯ ಆಚೆಗೂ ಹೋಯಿತು. ಕರೆಯುವವರಿಗೆ ಯಾರನ್ನು ಕರೆಯುತ್ತಿದ್ದೇವೆಂದು ಗೊತ್ತಿಲ್ಲದಿದ್ದರೆ ದನಿ ಜೋರಾಗುತ್ತದೆ.

ಹಂಪವ್ವ ಮರುದಿನದಿಂದ ಬಾವಿಗೆ ನೀರಿಗೆ ಹೋಗತೊಡಗಿದಳು. ಅಡುಗೆ ಮಾಡಿದಳು, ಜೋಳ ಕೇರಿದಳು. ಆದರೆ ಬಾವಿಯ ಹತ್ತಿರ ಯಾರಾದರೂ, “ಈ ಸಲ ಹೂವಿನ್ಯಾಗ ಬಂಡು ಜಗ್ಗಿ ಐತಿ ನೋಡ,” ಎಂದರೆ ಹಂಪವ್ವ ಸೇದುತ್ತಿದ್ದ ಹಗ್ಗವನ್ನು ಹಾಗೇ ಹಿಡಿದು ತಿರುಗಿ ನೋಡುತ್ತಿದ್ದಳು. ಮಗುವನ್ನು ಯಾರೋ ಕರೆದರೆ ತಾಯಿ ತಿರುಗಿ ನೋಡುತ್ತಾಳಲ್ಲ, ಹಾಗೆ. ನೋಡಿ, ಏನೂ ಇಲ್ಲವೆಂದು ಮತ್ತೆ ಹಗ್ಗ ಸೇದುತ್ತಿದ್ದಳು.

ಅದನ್ನು ಒಂದು ಸಲ ಕಂಡವರು ಎರಡನೆಯ ಸಲ ಆ ಮಾತನ್ನು ಆಡಲಿಲ್ಲ. ಊರವರು ಒಳ್ಳೆಯವರೇನಲ್ಲ, ಆದರೆ ಅಷ್ಟು ಮಟ್ಟಿಗೆ ನಾಚಿಕೆ ಇದ್ದವರು. ಮೊದಲು ದನಿ ತಗ್ಗಿಸಿದರು. ಆಮೇಲೆ ‘ಹೂವಿಂದು’ ಎಂದರು. ಅವರ ಮಕ್ಕಳು ‘ಸಿಹಿ’ ಎಂದರು. ಮೊಮ್ಮಕ್ಕಳ ಕಾಲಕ್ಕೆ ದೂರದಿಂದ ಒಂದು ದೊಡ್ಡ ಮಾತು ಬಂತು, ಮಕರಂದ ಎಂದು. ಹೇಳಿದರೆ ಬಾಯಿ ತುಂಬುತ್ತಿತ್ತು, ಯಾರಿಗೂ ನೋಯುತ್ತಿರಲಿಲ್ಲ. ಎಲ್ಲರೂ ಅದನ್ನೇ ಇಟ್ಟುಕೊಂಡರು. ಬಂಡುಣಿಯೂ ದುಂಬಿಯಾಯಿತು.

ಸಂಕವ್ವ ಮುದುಕಿಯಾಗಿ, ಬೆನ್ನು ಇನ್ನೂ ಬಾಗಿ, ಒಂದು ದಿನ ಸತ್ತಳು. ಅವಳ ನಂತರ ಹೆಸರಿಡುವ ಕೆಲಸ ಯಾರ್ಯಾರಿಗೋ ಹೋಯಿತು. ಫಲಿತಾಂಶ ಸುತ್ತ ನೋಡಿದರೆ ಕಾಣುತ್ತದೆ. ಆಮೇಲೆ ಹಂಪವ್ವನೂ ಸತ್ತಳು. ಆ ಹೆಸರಿಗೆ ತಿರುಗಿ ನೋಡುವವರು ಯಾರೂ ಉಳಿಯಲಿಲ್ಲ. ಅಷ್ಟರಲ್ಲಿ ಅದನ್ನು ಆಡುವವರೂ ಉಳಿದಿರಲಿಲ್ಲ.

ಉಳಿದವರು ಕವಿಗಳು. ಅವರು ಬಾವಿಗೆ ನೀರಿಗೆ ಹೋದವರಲ್ಲ, ಹಂಪವ್ವನ ಮುಖ ಕಂಡವರೂ ಅಲ್ಲ. ಓಲೆಗರಿಯ ಮೇಲೆ ಬಂಡನ್ನು ಧಾರಾಳವಾಗಿ ಸುರಿದರು. ಕೊಳ ಬಂದರೆ ತಾವರೆ, ತಾವರೆ ಬಂದರೆ ಬಂಡು, ಬಂಡು ಬಂದರೆ ಅದನ್ನುಂಡು ಸೊಕ್ಕಿದ ಬಂಡುಣಿಗಳ ಹಿಂಡು. ಹೆಣ್ಣಿನ ಮುಖ ಬಂದರೆ ಅದನ್ನು ಹೂವೆಂದು ತಿಳಿದು ಮುತ್ತುವ ಬಂಡುಣಿ. ಮುಂಗುರುಳು ಬಂದರೆ ಅದೂ ಬಂಡುಣಿಯೇ. ಛಂದಸ್ಸಿಗೆ ಹೊಂದುತ್ತಿತ್ತು, ಕಿವಿಗೆ ಹಿತವಾಗಿತ್ತು. ಒಂದು ಮಾತಿನಿಂದ ಕವಿ ಕೇಳುವುದು ಇಷ್ಟೇ. ದುಂಬಿ ಸಂಪಿಗೆಗೆ ಎರಗದು ಎನ್ನುವುದನ್ನೂ ಅವರು ಗಮನಿಸಿದರು, ಪದ್ಯದಲ್ಲಿ ಬಳಸಿಕೊಂಡರು. ಯಾಕೆ ಎರಗದು ಎಂದು ಕೇಳಲಿಲ್ಲ. ಕೇಳಿದ್ದರೂ ಹೇಳುವವರು ಯಾರಿದ್ದರು?

ಹಾಗೆ ಆ ಕೂಸಿನ ಹೆಸರು ಹಳೆಯ ಕಾವ್ಯಗಳಲ್ಲಿ ಉಳಿಯಿತು. ನಿಘಂಟು ತೆರೆದರೆ ಸಿಗುತ್ತದೆ. ಎದುರಿಗೆ ಅರ್ಥ ಕೊಟ್ಟಿರುತ್ತಾರೆ: ಹೂವಿನ ರಸ, ಮಕರಂದ. ತಪ್ಪೇನಲ್ಲ.

ಸಂಪಿಗೆಯ ಎಸಳು ಬಿಡಿಸಿದರೆ ಒಳಗೆ ಸಣ್ಣ ಸಣ್ಣ ಹುಳುಗಳು ಓಡಾಡುವುದು ಕಾಣುತ್ತದೆ, ಅದೇನು ಎಂದು ಜಾಣ ಮಕ್ಕಳು ಕೇಳುತ್ತಾರೆ. ಅವು ಆವತ್ತು ಅಲ್ಲಿರಲಿಲ್ಲ. ಕೇಳಿ ಪಡೆಯುವ ಅಭ್ಯಾಸವೂ ಅವಕ್ಕಿಲ್ಲ.

ದುಂಬಿಗೆ ಇದೆ. ನಾಳೆ ಬೆಳಿಗ್ಗೆ ಸಂಪಿಗೆ ಮರದ ಕೆಳಗೆ ನಿಂತು ನೋಡಿ: ಕರಿ ದುಂಬಿ ಬಂದು ಹೂವಿಗೆ ಒಂದು ಸುತ್ತು ಹಾಕುತ್ತದೆ, ಏನನ್ನೋ ಕೇಳಲು ಬಂದು ಹೆಸರು ನೆನಪಾಗದವಳ ಹಾಗೆ ಎದುರಿಗೆ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಮುಟ್ಟದೆ ಹೊರಟುಹೋಗುತ್ತದೆ.